ಬಾಗಿಲಿಗೆ ದಿಂಬೆಂದು ಹೊಲಿದ ಸೂಜಿಯಮ್ಮ

ತುಂಬ ಹಿಂದಿನ ಮಾತಲ್ಲ. ಗೋಡೆಗಡಿಯಾರಕ್ಕೆ ಮೂರು ಸಲ ಶೆಲ್ಲು ಬದಲಿಸುವಷ್ಟು ಹಿಂದಿನದು, ಅಷ್ಟೇ. ಒಂದು ಊರು, ಊರೊಳಗೊಂದು ಓರೆಬೀದಿ, ಬೀದಿಯ ತಿರುವಿನಲ್ಲಿ ಹಸಿರು ಬಾಗಿಲಿನ ಒಂದು ಮನೆ. ಆ ಮನೆಯಲ್ಲಿ ಸಾವಿರ ಕಥೆ ಬಲ್ಲ ಒಬ್ಬ ಮುದುಕಿಯೂ, ಒಂದೇ ಒಂದು ಕಥೆ ಸಾಕೆನ್ನುವ ಒಬ್ಬ ಹುಡುಗಿಯೂ ಇದ್ದರು. ಹೇಳುವವಳಿದ್ದಾಳೆ, ಕೇಳುವವಳಿದ್ದಾಳೆ, ಇನ್ನೇನು ಕೊರತೆ ಅನ್ನುತ್ತೀರಾ? ಕೊರತೆ ಇತ್ತು. ಮುದುಕಿಯ ಮಾತು ಹುಡುಗಿಗೆ ಬಾರದು, ಹುಡುಗಿಯ ಮಾತು ಮುದುಕಿಗೆ ಬಾರದು. ಇಬ್ಬರ ನಡುವೆ ಒಂದು ಹೊಲಿಗೆ ಮೆಷಿನ್ನು ಮಾತ್ರ ಟಕಟಕ ಎನ್ನುತ್ತಿತ್ತು. ಅದರ ಮಾತು ಇಬ್ಬರಿಗೂ ತಿಳಿಯುತ್ತಿತ್ತು.

ಮುದುಕಿಯನ್ನು ಬೀದಿಯವರೆಲ್ಲ ಸೂಜಿಯಮ್ಮ ಅನ್ನುತ್ತಿದ್ದರು. ನಲವತ್ತು ವರ್ಷದಿಂದ ಆ ಬೀದಿಯ ಅಂಗಿ, ಲಂಗ, ಪರದೆ, ದಿಂಬಿನ ಚೀಲವೆಲ್ಲ ಅವಳ ಕೈಯಿಂದಲೇ ಹೊರಟವು. ಅವಳ ಒಬ್ಬನೇ ಮಗ ಹಡಗಿನಲ್ಲಿ ಅಡುಗೆ ಮಾಡುವವನು. ಯಾವುದೋ ಬಂದರಿನಲ್ಲಿ ಸ್ಪ್ಯಾನಿಷ್ ಮಾತಾಡುವ ವಿಧವೆಯೊಬ್ಬಳನ್ನು ಮೆಚ್ಚಿ ಮದುವೆಯಾದ. ಅವಳನ್ನೂ, ಅವಳ ಏಳು ವರ್ಷದ ಮಗಳನ್ನೂ ತಂದು ತಾಯಿಯ ಮನೆಯಲ್ಲಿ ಇಳಿಸಿ, "ಅಮ್ಮಾ, ಆರು ತಿಂಗಳು ನೋಡ್ಕೋ, ಬಂದ್ಬಿಡ್ತೀನಿ" ಎಂದು ಮತ್ತೆ ಹಡಗು ಹತ್ತಿದ. ಸೊಸೆ ಗಟ್ಟಿಗಿತ್ತಿ. ಬಂದ ತಿಂಗಳೊಳಗೇ ಇಸ್ತ್ರಿ ಅಂಗಡಿಯಲ್ಲಿ ಕೆಲಸ ಹಿಡಿದು, ಹರುಕುಮುರುಕಾಗಿ ಮಾತನ್ನೂ ಕಲಿತಳು. ಹುಡುಗಿ ಮಾತ್ರ ಬಾಯಿ ಬಿಡಲಿಲ್ಲ. ತಾಯಿಯ ಕಿವಿಯಲ್ಲಿ ಪಿಸುಗುಟ್ಟುವುದು ಬಿಟ್ಟರೆ ಮಾತಿಲ್ಲ, ಕಥೆಯಿಲ್ಲ, ಆಟವಂತೂ ಇಲ್ಲವೇ ಇಲ್ಲ. ಕತ್ತರಿಸುವ ಮೇಜಿನ ಕೆಳಗೆ ಚಿಂದಿಬಟ್ಟೆಗಳ ಮೇಲೆ ಕೂತು, ಎರಡು ಕಪ್ಪು ಗುಂಡಿಗಳಂಥ ಕಣ್ಣು ಬಿಟ್ಟು ಅಜ್ಜಿಯ ಕಾಲು ಮೆಷಿನ್ನು ತುಳಿಯುವುದನ್ನೇ ನೋಡುತ್ತಿದ್ದಳು. ಸೂಜಿಯಮ್ಮ ಅವಳಿಗೆ ಗುಂಡಿಪುಟ್ಟಿ ಎಂದು ಹೆಸರಿಟ್ಟಳು.

ಒಂದು ಮಧ್ಯಾಹ್ನ ಹುಡುಗಿ ತಾಯಿಯ ಕಿವಿಯಲ್ಲಿ ಏನೋ ಕೇಳಿದಳು. ಸೊಸೆ ತಿರುಗಿ, ಒಂದೊಂದೇ ಪದವನ್ನು ಹೆಕ್ಕಿ ಹೆಕ್ಕಿ, "ಅತ್ತೆ, ಅವಳು ಕೇಳ್ತಾಳೆ. ಈ ಅಜ್ಜಿಗೆ ಕಥೆ ಬರುತ್ತಾ? ಅಲ್ಲಿಯ ಅಜ್ಜಿ, ನನ್ನ ಅಮ್ಮ, ದಿನಾ ಕಥೆ. ಈಗ ಅಮ್ಮ ಇಲ್ಲ," ಎಂದಳು.

ಸೂಜಿಯಮ್ಮನಿಗೆ ಎದೆಯುಬ್ಬಿತು. "ಬರುತ್ತಾ ಅಂದ್ರೆ? ನನ್ನ ಅಜ್ಜಿ ನನ್ನ ತಲೆಗೆ ಎಣ್ಣೆ ಹಚ್ಚಿದ್ದಕ್ಕಿಂತ ಕಥೆ ಹಚ್ಚಿದ್ದೇ ಜಾಸ್ತಿ! ಸಾವಿರ ಬರುತ್ತೆ ಅಂತ ಹೇಳು."

ಸೊಸೆ ಹೇಳಿದಳು. ಹುಡುಗಿ ಮೇಜಿನ ಕೆಳಗಿಂದ ಹೊರಗೆ ಬಂದಳು. ಬಂದು, ಅಜ್ಜಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಗಲ್ಲಕ್ಕೆ ಕೈಯಿಟ್ಟು ಕಾದಳು.

ಸೂಜಿಯಮ್ಮ ಬಾಯಿ ತೆರೆದಳು. ಕಥೆ ನಾಲಗೆಯ ತುದಿಗೇ ಬಂದಿತ್ತು, ಆದರೆ ಬಂದದ್ದು ಈ ಹುಡುಗಿಗೆ ತಿಳಿಯದ ಮಾತಿನಲ್ಲಿ. ಬಾಯಿ ಮುಚ್ಚಿದಳು. ಸೊಸೆ, "ನೀವು ಹೇಳಿ, ನಾನು ಹೇಳ್ತೀನಿ," ಎಂದಳು. ಮುದುಕಿಗೆ ಅದು ಒಗ್ಗಲಿಲ್ಲ. ಒಬ್ಬರು ಅಗಿದು ಇನ್ನೊಬ್ಬರ ಬಾಯಿಗೆ ಇಡುವುದು ಕಥೆಯೇ? ಕೈ ಚಾಚಿ ಹುಡುಗಿಯ ಕೈ ಹಿಡಿದಳು. "ಇವಳ ಶಾಲೆ ಶುರುವಾಗೋದು ಇನ್ನೊಂಬತ್ತು ವಾರಕ್ಕೆ. ಅದರೊಳಗೆ ಇವಳ ಮಾತಲ್ಲೇ, ನನ್ನ ಬಾಯಿಂದಲೇ, ಒಂದು ಕಥೆ ಪೂರ್ತಿ ಹೇಳ್ತೀನಿ. ಹೇಳು ಅವಳಿಗೆ. ಆಣೆ ಅಂತ ಹೇಳು."

ಹುಡುಗಿ ಅಜ್ಜಿಯ ಕೈಯನ್ನೊಮ್ಮೆ ಮೇಲೆ ಕೆಳಗೆ ಅಲ್ಲಾಡಿಸಿದಳು. ಆಮೇಲೆ ಮತ್ತೆ ಮೇಜಿನ ಕೆಳಗೆ.

ಆಣೆಯೇನೋ ಇಟ್ಟದ್ದಾಯಿತು. ಅರವತ್ತೆಂಟನೇ ವಯಸ್ಸಿನಲ್ಲಿ ಕನ್ನಡಕ, ಊರುಗೋಲು ಇವೆರಡರ ಜೊತೆಗೆ ಒಂದು ಪಾಟೀಚೀಲವನ್ನೂ ಏರಿಸಿಕೊಂಡು ಸೂಜಿಯಮ್ಮ ಸ್ಪ್ಯಾನಿಷ್ ಕ್ಲಾಸಿಗೆ ಹೊರಟಳು.

ಕ್ಲಾಸು ಎರಡು ಬೀದಿ ಆಚೆ, ಗಡಿಯಾರ ರಿಪೇರಿ ಅಂಗಡಿಯ ಮಹಡಿಯಲ್ಲಿ, ವಾರಕ್ಕೆ ಮೂರು ಸಂಜೆ. ಹದಿನೇಳು ಮೆಟ್ಟಿಲು, ಕಡೆಯದು ಅಲ್ಲಾಡುತ್ತಿತ್ತು. ಒಳಗೆ ಒಂದು ಕರಿಹಲಗೆ, ಒಂದು ಉದ್ದ ಮೇಜು, ಎಂಟು ಕುರ್ಚಿ, ಅರ್ಧ ಮಂಕಾದ ಕನ್ನಡಿ, ಹಳದಿ ಪರದೆಯ ಕಿಟಕಿ, ಟೀಚರ ಕುರ್ಚಿಯ ಮೇಲೊಂದು ದಿಂಬು. ಟೀಚರು ಇಪ್ಪತ್ತಾರರ ಹುಡುಗಿ. ಜಡೆಯಲ್ಲಿ ಸೀಮೆಸುಣ್ಣದ ಪುಡಿ, ಚೀಲದಲ್ಲಿ ಸಂತೆಯಷ್ಟು ಸಾಮಾನು. ಅವಳ ಕೈಯಲ್ಲಿ ಪುಸ್ತಕ ಕಂಡವರೇ ಇಲ್ಲ. ಎಲ್ಲವೂ ಆಟ. ಮೊದಲ ದಿನವೇ ಕೋಣೆಯ ವಸ್ತು ವಸ್ತುವಿಗೂ ಸ್ಪ್ಯಾನಿಷ್ ಹೆಸರಿನ ಚೀಟಿ ಅಂಟಿಸಿದ್ದಳು. ಬಾಗಿಲು ಮುಟ್ಟಿ "ಪುಯೆರ್ತಾ", ಕಿಟಕಿ ಮುಟ್ಟಿ "ಬೆಂತಾನಾ", ಕುರ್ಚಿ ಮುಟ್ಟಿ "ಸಿಯಾ" ಎಂದು ಹೇಳುತ್ತ ಎಲ್ಲರೂ ಕೋಣೆಗೆ ಪ್ರದಕ್ಷಿಣೆ ಹಾಕಬೇಕು.

"ಮೇಸಾ," ಎಂದು ಟೀಚರು ಮೇಜು ತಟ್ಟಿದಳು.

"ಮೇಸಾ, ಮೇಜು. ಇವಳು ನಮ್ಮ ಕಡೆಯವಳೇ ಬಿಡು," ಎಂದಳು ಸೂಜಿಯಮ್ಮ. ಎಲ್ಲರೂ ನಕ್ಕರು.

ಎಲ್ಲರೂ ಅಂದರೆ ಮೂವರೇ. ಒಬ್ಬ ಕೆಳಗಿನ ಅಂಗಡಿಯ ಗಡಿಯಾರದವನು. ಅವನಿಗೆ ಬೀದಿ ಇಟ್ಟ ಹೆಸರು ಮುಳ್ಳಪ್ಪ. ಗಡಿಯಾರದ ಮುಳ್ಳಿಗೂ ಅವನ ಮಾತಿಗೂ ಸಮವಾಗಿ ಸಲ್ಲುವ ಹೆಸರು. ಯಾಕೆ ಕಲಿಯಲು ಬಂದೆ ಎಂದರೆ, "ಮೇಲೆ ಕೂಗಾಡ್ತಾರೆ, ಕೆಳಗೆ ನಂಗೆ ಕೆಲಸ ಆಗಲ್ಲ. ಕೂಗೋರ ಜೊತೆಗೇ ಸೇರ್ಕೊಂಡೆ," ಅನ್ನುತ್ತಿದ್ದ. ಇನ್ನೊಬ್ಬಳು ಆಸ್ಪತ್ರೆಯ ನರ್ಸಮ್ಮ, ಡ್ಯೂಟಿ ಮುಗಿಸಿ ಬಂದು ನಿಂತಲ್ಲೇ ತೂಕಡಿಸುವವಳು. ಮೂರನೆಯವಳು ಸೂಜಿಯಮ್ಮ. ಮಂಚಕ್ಕೆ ಸ್ಪ್ಯಾನಿಷಿನಲ್ಲಿ "ಕಾಮಾ" ಎಂದು ಟೀಚರು ಚಿತ್ರ ತೋರಿಸಿದ ದಿನ ಮುಳ್ಳಪ್ಪ ಕೆಮ್ಮತೊಡಗಿದವನು ಐದು ನಿಮಿಷ ನಿಲ್ಲಿಸಲಿಲ್ಲ. ನರ್ಸಮ್ಮನ ತೂಕಡಿಕೆ ಹಾರಿಹೋಯಿತು. ಟೀಚರು ಕೆಂಪಾಗಿ ಕರಿಹಲಗೆಯ ಕಡೆ ತಿರುಗಿ, ಅಳಿಸಿದ್ದನ್ನೇ ಅಳಿಸಿದಳು. "ಸಾಕು ಬಿಡೋ ಮುಳ್ಳಪ್ಪ, ಮೊಮ್ಮಕ್ಕಳಾದೋನು," ಎಂದು ಸೂಜಿಯಮ್ಮ ಗದರಿದಳು. ಒಳಗೊಳಗೇ ಅವಳಿಗೂ ನಗು. ಆ ಪದ ಮಾತ್ರ ಅವಳಿಗೆ ಜನ್ಮದಲ್ಲಿ ಮರೆಯುವ ಹಾಗಿರಲಿಲ್ಲ.

ಉಳಿದವು ಮರೆತುಹೋಗುತ್ತಿದ್ದವು. ಕರಿಹಲಗೆಯ ಮೇಲೆ ಹತ್ತು ಪದ ಬರೆದು, ಇಬ್ಬಿಬ್ಬರ ಕೈಗೆ ನೊಣ ಹೊಡೆಯುವ ಬಡಿಗೆ ಕೊಟ್ಟು, ಟೀಚರು ಹೇಳಿದ ಪದಕ್ಕೆ ಯಾರು ಮೊದಲು ಬಡಿಯುತ್ತಾರೋ ನೋಡುವ ಆಟವಿತ್ತು. ಮುಳ್ಳಪ್ಪ ಪಟ್ಟೆಂದು ಬಡಿಯುವಷ್ಟರಲ್ಲಿ ಸೂಜಿಯಮ್ಮ ಇನ್ನೂ ಬಡಿಗೆ ಎತ್ತುತ್ತಿದ್ದಳು. ಆ ಅಕ್ಷರಗಳು ಅವಳಿಗೆ ಅಕ್ಷರಗಳಾಗಿ ಕಾಣುತ್ತಲೇ ಇರಲಿಲ್ಲ. ಕೊಕ್ಕೆ, ಬಳೆ, ಗೂಟದಂತೆ ಕಾಣುತ್ತಿದ್ದವು. ಕಿವಿಯಿಂದ ಕಲಿತದ್ದೇ ಕಲಿತದ್ದು. ಅದೂ ಎದ್ದು ನಿಂತು ಬರಿಗೈಯಲ್ಲಿ ಹೇಳು ಎಂದರೆ ಎಲ್ಲೋ ಹೊಲಿಗೆ ಬಿಟ್ಟು ಜಾರುತ್ತಿತ್ತು.

ಅವಳು ಗೆದ್ದದ್ದು ಒಂದೇ ಆಟ, ಚೀಲದ ಆಟ. ಕಪ್ಪು ಚೀಲದೊಳಗೆ ಕೈ ಹಾಕಿ, ನೋಡದೆ, ಬೆರಳಿಗೆ ಸಿಕ್ಕಿದ್ದರ ಹೆಸರು ಹೇಳಬೇಕು. ಸೂಜಿಯಮ್ಮನ ಬೆರಳಿಗೆ ಕಣ್ಣಿದ್ದವು. "ಕುಚಾರಾ!" ಚಮಚ. "ಈಲೊ!" ದಾರದುಂಡೆ. "ತಿಹೇರಾಸ್!" ಕತ್ತರಿ. ಬೆರಳು ಮುಟ್ಟುತ್ತಲೇ ಹೆಸರು ತಾನಾಗಿ ಬಾಯಿಗೆ ಬರುತ್ತಿತ್ತು. ಟೀಚರು ಅದನ್ನು ಗಮನಿಸಿದಳು. "ಅಜ್ಜಿ, ನಾಳೆಯಿಂದ ನೀವು ಹೊಲಿಗೆ ತಗೊಂಡ್ಬನ್ನಿ. ಹೊಲೀತಾ ಮಾತಾಡಿ," ಎಂದಳು. ಅಂದಿನಿಂದ ಸೂಜಿಯಮ್ಮ ಯಾರದೋ ಅಂಗಿಯ ಅಂಚು ಮಡಿಸುತ್ತ, ಒಂದು ಹೊಲಿಗೆಗೊಂದು ಪದದ ಹಾಗೆ ನುಡಿಯತೊಡಗಿದಳು. ಸೂಜಿ ನಿಂತರೆ ಮಾತು ನಿಲ್ಲುತ್ತಿತ್ತು, ಸೂಜಿ ನಡೆದರೆ ಮಾತೂ ನಡೆಯುತ್ತಿತ್ತು.

ನಾಲ್ಕನೇ ವಾರದಲ್ಲಿ ಅವಳಿಗೊಂದು ಯೋಚನೆ ಹೊಳೆಯಿತು. ಕ್ಲಾಸಿನ ಹಾಗೆ ತನ್ನ ಮನೆಯಲ್ಲೂ ಎಲ್ಲದಕ್ಕೂ ಹೆಸರಿದ್ದರೆ? ಚೀಟಿಯಲ್ಲ, ಚೀಟಿ ಉದುರುತ್ತದೆ. ಬಟ್ಟೆಯ ಮೇಲೆ ದಾರದಲ್ಲಿ, ಅಳಿಯದ ಹಾಗೆ. ಗುಂಡಿಪುಟ್ಟಿ ಕಣ್ಣು ಹಾಯಿಸಿದಲ್ಲೆಲ್ಲ ಅವಳದೇ ಮಾತು ಇರಬೇಕು. ಕಥೆ ಬರುವ ತನಕ ಇದಾದರೂ ಇರಲಿ, ಅಜ್ಜಿ ಕೈ ಕಟ್ಟಿ ಕೂತಿಲ್ಲ ಅಂತ ಮಗುವಿಗೆ ಗೊತ್ತಾಗಲಿ.

ಶುಕ್ರವಾರ ಕ್ಲಾಸಿಗೆ ರಜೆ. ಸೂಜಿಯಮ್ಮ ಬೆಳಿಗ್ಗೆಯೇ ಹೋಗಿ ಮುಳ್ಳಪ್ಪನಿಂದ ಬೀಗದ ಕೈ ಇಸಿದುಕೊಂಡು ಮಹಡಿ ಹತ್ತಿದಳು. ಕೋಣೆಗೆ ಹೊಸ ಬಣ್ಣ ಬಳಿದಿದ್ದರು, ವಾಸನೆ ಘಮ್ಮೆನ್ನುತ್ತಿತ್ತು. ಕುರ್ಚಿ ಎಳೆದು ಕೂತು, ಚೀಟಿಗಳ ಮೇಲಿದ್ದ ಕೊಕ್ಕೆ, ಬಳೆ, ಗೂಟಗಳನ್ನೆಲ್ಲ ಕಸೂತಿಯ ನಮೂನೆ ಇಳಿಸುವ ಹಾಗೆ ಒಂದೂ ತಪ್ಪದೆ ಕಾಗದಕ್ಕೆ ಇಳಿಸಿದಳು. ಬಾಗಿಲಿನದು ಬಾಗಿಲು, ಕನ್ನಡಿಯದು ಕನ್ನಡಿ ಎಂದು ಪಕ್ಕದಲ್ಲಿ ಗುರುತು ಹಾಕಿದಳು. ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ದಿಂಬಿನ ಚೀಲಕ್ಕೆ ನೀಲಿ ದಾರ, ಕಿಟಕಿಯ ಪರದೆಗೆ ಕೆಂಪು. ಬಾಗಿಲಿಗೆ ಒಂದು ಬಟ್ಟೆಪಟ್ಟಿ, ಮೇಜಿಗೆ ಹಾಸು, ಕನ್ನಡಿಗೆ ಜಾಲರಿಯ ಅಂಚು, ಕುರ್ಚಿಗೊಂದು ಮೆತ್ತೆ. ಒಂದೊಂದರ ಮೇಲೂ ಹೂವಿನ ಬಳ್ಳಿಯ ನಡುವೆ ಒಂದು ಹೆಸರು. ಕಣ್ಣು ಉರಿದವು, ಕತ್ತು ಹಿಡಿದುಕೊಂಡಿತು. ಸೋಮವಾರ ಬೆಳಿಗ್ಗೆ ಎಲ್ಲವನ್ನೂ ಅವುಗಳ ಜಾಗಕ್ಕೆ ಹಾಕಿ, ಮೆಷಿನ್ನಿನ ಮುಂದೆ ಏನೂ ಅರಿಯದವಳ ಹಾಗೆ ಕೂತಳು.

ಗುಂಡಿಪುಟ್ಟಿ ಎದ್ದು ಬಂದಳು. ಕಣ್ಣುಜ್ಜಿಕೊಳ್ಳುತ್ತ ಬಾಗಿಲ ಬಳಿ ನಿಂತಳು, ಪಟ್ಟಿಯನ್ನು ನೋಡಿದಳು. ಬೆರಳಿಟ್ಟು ಓದಿದಳು. ಆಮೇಲೆ ಏನು ಮಾಡಿದಳೆಂದರೆ, ಬಾಗಿಲಿಗೆ ಕೆನ್ನೆಯಾನಿಸಿ, ಕಣ್ಣು ಮುಚ್ಚಿ, ಗೊರ್ ಗೊರ್ ಎಂದು ಗೊರಕೆ ಹೊಡೆದಳು!

ಸೂಜಿಯಮ್ಮನ ಕಾಲು ಮೆಷಿನ್ನಿನ ಮೇಲೆ ನಿಂತಿತು.

ಹುಡುಗಿ ಓಡಿ ಹೋಗಿ ದಿಂಬು ನೋಡಿದಳು. ಅಡುಗೆಮನೆಯಿಂದ ತಟ್ಟೆ, ಚಮಚ ತಂದು ದಿಂಬಿನ ಮೇಲಿಟ್ಟು, ಎದುರಿಗೆ ಕೂತು ಇಲ್ಲದ ಊಟ ಉಂಡಳು. ಮೇಜಿನ ಹಾಸನ್ನು ಬಗ್ಗಿ ನೋಡಿ, ಅದರಲ್ಲಿ ಮುಖ ಕಂಡವಳಂತೆ ಕೂದಲು ತೀಡಿಕೊಂಡಳು. ಕೊನೆಗೆ ಕನ್ನಡಿಯ ಎದುರು ನಿಂತು, ಬೆರಳ ಗೆಣ್ಣಿನಿಂದ ಅದನ್ನು ತೊಕ್ ತೊಕ್ ಎಂದು ಬಡಿದು, ಯಾರಾದರೂ ತೆರೆಯುತ್ತಾರೇನೋ ಎಂದು ಕಾದು, ತಿರುಗಿ ಅಜ್ಜಿಯ ಮುಖ ನೋಡಿ ನಕ್ಕಳು. ನಕ್ಕಳೆಂದರೆ ಎಂಥ ನಗು, ಬಿಕ್ಕಳಿಕೆ ಬರುವ ತನಕ.

ಸದ್ದು ಕೇಳಿ ಸೊಸೆ ಬಂದಳು. ಓದಿದಳು. ತುಟಿ ಕಚ್ಚಿಕೊಂಡರೂ ನಗು ಸೋರಿತು. "ಅತ್ತೆ... ಬಾಗಿಲಿಗೆ ದಿಂಬು ಅಂತ ಇದೆ. ದಿಂಬಿಗೆ ಮೇಜು. ಮೇಜಿಗೆ ಕನ್ನಡಿ. ಕನ್ನಡಿಗೆ ಬಾಗಿಲು."

"ಕುರ್ಚಿಗೆ?"

"ಕುರ್ಚಿ ಸರಿ ಇದೆ."

ಸೂಜಿಯಮ್ಮ ಎದ್ದಳು. ಮೆಷಿನ್ನಿಗೆ ಮುಸುಕು ಹಾಕಿದಳು. ಹಿತ್ತಿಲ ಮೆಟ್ಟಿಲಿಗೆ ಹೋಗಿ ಕೂತಳು. ಮೂರು ದಿನ ಬೆರಳು ತೂತು ಮಾಡಿಕೊಂಡು ಹೊಲಿದದ್ದು ಒಂದು ಮಗುವಿನ ಬಾಯಲ್ಲಿ ನಗೆಪಾಟಲಾಗುವುದಕ್ಕೇ? ಇಷ್ಟು ಸಣ್ಣದರಲ್ಲೇ ಹೀಗಾದರೆ ಕಥೆ ಹೇಳುವುದೆಂತು? ಅಲ್ಲಿಯ ಅಜ್ಜಿ ದಿನಕ್ಕೊಂದು ಹೇಳುತ್ತಿದ್ದಳಂತೆ. ಆ ಜಾಗಕ್ಕೆ ತಾನು ಹೊರಟದ್ದು ಅಳತೆ ತಪ್ಪಿದ ಅಂಗಿ ತೊಟ್ಟ ಹಾಗಾಯಿತು ಅನ್ನಿಸಿತು. ಸೋಮವಾರ ಕ್ಲಾಸಿಗೆ ಹೋಗಲಿಲ್ಲ, ಬುಧವಾರವೂ ಇಲ್ಲ. ಹುಡುಗಿ ಮೇಜಿನ ಕೆಳಗಿಂದ ಇಣುಕಿದಾಗಲೆಲ್ಲ ಕಣ್ಣು ತಪ್ಪಿಸಿದಳು. ಮನೆಯಲ್ಲಿ ನಗು ಬಂದಷ್ಟೇ ಬೇಗ ಹೋಯಿತು.

ಶುಕ್ರವಾರ ಬಾಗಿಲು ಬಡಿದ ಸದ್ದಾಯಿತು. ಟೀಚರು ನಿಂತಿದ್ದಳು. ಅವಳ ಹಿಂದೆ, ಸೆರಗನ್ನು ಬೆರಳಿಗೆ ಸುತ್ತುತ್ತ, ಮನೆ ತೋರಿಸಲು ಜೊತೆಗೆ ಬಂದ ಕ್ಲಾಸಿನ ಕಸ ಗುಡಿಸುವ ಹೆಂಗಸು.

"ಅಜ್ಜಿ, ಯಾಕೆ ಬರ್ಲಿಲ್ಲ ನೀವು? ಮುಳ್ಳಪ್ಪನೋರು ನೊಣದ ಬಡಿಗೆ ಹಿಡ್ಕೊಂಡು ಒಬ್ರೇ ಗೋಡೆ ಬಡೀತಿದಾರೆ. ಜೋಡಿ ಬೇಕಂತೆ," ಎಂದ ಟೀಚರು, ಒಳಗೆ ಕಾಲಿಟ್ಟವಳು, ಬಾಗಿಲಿನ ಪಟ್ಟಿ ನೋಡಿ ಅಲ್ಲೇ ನಿಂತಳು. ದಿಂಬು ನೋಡಿದಳು. ಮೇಜು ನೋಡಿದಳು. ಕೈ ಹಣೆಗೆ ಹೋಯಿತು. "ಅಯ್ಯೋ ನನ್ನಮ್ಮ. ಚೀಟಿ ನೋಡಿ ಹೊಲಿದ್ರಾ? ಶುಕ್ರವಾರ?"

"ನಂಗೇನ್ ಕನಸು ಬೀಳುತ್ತಾ, ಚೀಟಿ ನೋಡೇ ಹೊಲಿದೆ."

ಟೀಚರು ಹಿಂದೆ ತಿರುಗಿದಳು. ಗುಡಿಸುವ ಹೆಂಗಸು ಒಂದು ಹೆಜ್ಜೆ ಮುಂದೆ ಬಂದಳು. "ನಂದೇ ತಪ್ಪು ಕಣಮ್ಮ. ಬಣ್ಣ ಬಳಿಯೋರು ಬಂದ್ರು ಅಂತ ಚೀಟಿ ಎಲ್ಲ ಕಿತ್ತಿಟ್ಟೆ. ವಾಪಸ್ ಹಚ್ಚುವಾಗ ಯಾವುದು ಎಲ್ಲಿತ್ತು ಅಂತ ನಂಗೇನ್ ಗೊತ್ತು? ಉದ್ದಕ್ಕಿರೋದನ್ನ ಉದ್ದದ ಸಾಮಾನಿಗೆ, ಗಿಡ್ಡಕ್ಕಿರೋದನ್ನ ಗಿಡ್ಡದ ಸಾಮಾನಿಗೆ ಹಚ್ಚಿದೆ. ಚೆಂದ ಕಾಣ್ಲಿ ಅಂತ."

ಸೂಜಿಯಮ್ಮ ಅವಳನ್ನೇ ನೋಡಿದಳು. ಉದ್ದದ್ದಕ್ಕೆ ಉದ್ದ, ಗಿಡ್ಡದ್ದಕ್ಕೆ ಗಿಡ್ಡ. ತಾನು ಆಗಿದ್ದರೂ ಹಾಗೆಯೇ ಮಾಡುತ್ತಿದ್ದಳು. ದರ್ಜಿಯ ಲೆಕ್ಕವೇ ಅದಲ್ಲವೇ! "ಅಳತೆ ಸರಿಯಾಗೇ ಇದೆ ಬಿಡೇ ತಾಯಿ," ಎಂದಳು. ಬೇಡವೆಂದರೂ ನಗು ಬಂತು. ಆದರೂ ಮೆಷಿನ್ನಿನ ಮುಸುಕು ತೆಗೆಯಲಿಲ್ಲ. "ನೀವು ಏನೇ ಹೇಳಿ, ಮಗು ನನ್ನನ್ನ ಆಡ್ಕೊಂಡು ನಕ್ಕಳು. ನಂಗೆ ಸಾಕಾಯ್ತು."

ಆಗ ಇಸ್ತ್ರಿ ಅಂಗಡಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದ ಸೊಸೆ ಒದ್ದೆ ಕೈಯಲ್ಲೇ ಓಡಿ ಬಂದಳು. ಹೇಳಬೇಕಾದದ್ದು ದೊಡ್ಡದು, ಕೈಯಲ್ಲಿದ್ದ ಪದ ಕಡಿಮೆ. "ಇಲ್ಲ ಅತ್ತೆ. ಆಡ್ಕೊಂಡು ಅಲ್ಲ. ಅದು ಆಟ. ಈ ಮನೆಗೆ ಬಂದ ಮೇಲೆ ಅವಳು ಆಟ ಇಲ್ಲ. ಒಂದು ದಿನ ಇಲ್ಲ. ಅವತ್ತು ಮೊದಲು." ಕಣ್ಣೊರೆಸಿಕೊಂಡಳು. "ನೀವು ಬಾಗಿಲಿಗೆ ದಿಂಬು ಅಂತ ಹೇಳಿದ್ರಿ. ಅವಳು ಮಲಗಿದ್ಲು. ನೀವು ಹೇಳಿದ್ದೆಲ್ಲ ಅವಳು ಮಾಡಿದ್ಲು."

ಸೂಜಿಯಮ್ಮ ನಿಧಾನವಾಗಿ ಮಂಡಿಯೂರಿ, ಬಗ್ಗಿ, ಕತ್ತರಿಸುವ ಮೇಜಿನ ಕೆಳಗೆ ನೋಡಿದಳು. ಎರಡು ಗುಂಡಿಗಳು ಮಿಟುಕಿದವು. ಹುಡುಗಿಯ ಮಡಿಲಲ್ಲಿ ದಿಂಬಿನ ಚೀಲ, ಕೈಯಲ್ಲಿ ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆ. ನೀಲಿ ದಾರವನ್ನು ಒಂದೊಂದೇ ಎಳೆಯಾಗಿ ಬಿಚ್ಚಿ, ತುಂಡಾಗದ ಹಾಗೆ ಬೆರಳಿಗೆ ಸುತ್ತಿಟ್ಟುಕೊಂಡಿದ್ದಳು. ಹೂವಿನ ಬಳ್ಳಿಯನ್ನು ಮುಟ್ಟಿರಲಿಲ್ಲ. ಖಾಲಿಯಾದ ಜಾಗದಲ್ಲಿ ಪೆನ್ಸಿಲಿನಿಂದ ಹೊಸ ಹೆಸರು ಬರೆದಿದ್ದಳು, ಅಜ್ಜಿ ಹೊಲಿಯಲಿ ಎಂದು ಸಾಕಷ್ಟು ಅಗಲ ಬಿಟ್ಟು.

"ಅಲ್ಮೊಆದಾ," ಎಂದಳು ಹುಡುಗಿ. ಅಜ್ಜಿಗೆ ಆಡಿದ ಮೊದಲ ಮಾತು ಅದು. ದಿಂಬು.

"ಅಲ್ಮೊಆದಾ," ಎಂದಳು ಸೂಜಿಯಮ್ಮ, ದಾರ ಇಸಿದುಕೊಳ್ಳಲು ಕೈ ಚಾಚಿ.

ಆ ವಾರ ಇಬ್ಬರೂ ಸೇರಿ ಮನೆಯನ್ನೆಲ್ಲ ಬಿಚ್ಚಿ ಮತ್ತೆ ಹೊಲಿದರು. ಒಬ್ಬಳು ಬಿಚ್ಚುವವಳು, ಇನ್ನೊಬ್ಬಳು ಹೊಲಿಯುವವಳು. ಬಾಗಿಲಿನ ಪಟ್ಟಿಯ ಮೇಲೆ "ಪುಯೆರ್ತಾ" ಏರಿದ ದಿನ ಹುಡುಗಿ ಅದನ್ನು ಹತ್ತು ಸಲ ತೆರೆದು ಹತ್ತು ಸಲ ಮುಚ್ಚಿದಳು, ಹೆಸರು ಕೂತಿತೋ ಇಲ್ಲವೋ ಪರೀಕ್ಷಿಸುವ ಹಾಗೆ. ಪದಗಳೇನೋ ಕೂತವು. ಆದರೆ ಪದ ಬೇರೆ, ಕಥೆ ಬೇರೆ. ಗುಂಡಿ ಎಷ್ಟಿದ್ದರೂ ಅಂಗಿಯಾಗುವುದಿಲ್ಲವಲ್ಲ. ಒಂಬತ್ತು ವಾರದಲ್ಲಿ ಐದು ಮುಗಿದಿದ್ದವು.

"ಯಾವ ಕಥೆ ಹೇಳ್ತೀರಿ ಅಜ್ಜಿ?" ಎಂದು ಟೀಚರು ಕೇಳಿದಾಗ ಸೂಜಿಯಮ್ಮ, "ನಡೆಯೋ ಮನೆ ಕಥೆ," ಎಂದಳು. ಅವಳ ಅಜ್ಜಿ ಹೇಳಿದ್ದು. ಮನೆಯೊಂದನ್ನು ಬಿಟ್ಟು ಒಬ್ಬಳು ಹುಡುಗಿ ದೂರದ ಊರಿಗೆ ಹೋದಳಂತೆ. ಮನೆಗೆ ಬೇಸರ ತಡೆಯಲಾಗದೆ ಎದ್ದು ಅವಳನ್ನು ಹುಡುಕಿಕೊಂಡು ನಡೆದೇ ಹೊರಟಿತಂತೆ.

"ಸರಿ, ಹಾಗಾದ್ರೆ ಕ್ಲಾಸೆಲ್ಲ ಮನೆ," ಎಂದು ಟೀಚರು ಕೈ ತಟ್ಟಿದಳು. ಅಂದಿನಿಂದ ಆಟವೆಂದರೆ ಆ ಕಥೆಯನ್ನು ಆಡುವುದು. ಮುಳ್ಳಪ್ಪ ಮನೆಯಾದ. ಅವನ ಭುಜದ ಮೇಲೆ ಪರದೆ, ತಲೆಯ ಮೇಲೆ ದಿಂಬು, ಕಂಕುಳಲ್ಲಿ ಕುರ್ಚಿ. ಸೂಜಿಯಮ್ಮ ಸೂಜಿ ಆಡಿಸುತ್ತ ಒಂದು ವಾಕ್ಯ ಹೇಳಿದರೆ ಅವನು ಒಂದು ಹೆಜ್ಜೆ ಇಡಬೇಕು. ತಪ್ಪಿದರೆ ಒಂದು ಹೆಜ್ಜೆ ಹಿಂದೆ. ನರ್ಸಮ್ಮ ದಾರಿಯಲ್ಲಿ ಸಿಗುವವರೆಲ್ಲರೂ. ಒಂದು ಸಲ ಕುದುರೆ, ಒಂದು ಸಲ ಹೊಳೆ, ಒಂದು ಸಲ ತೂಕಡಿಸುವ ಪೊಲೀಸು. ಕೊನೆಯದಕ್ಕೆ ಅವಳು ನಟಿಸಬೇಕಾಗಿಯೂ ಇರಲಿಲ್ಲ.

"ಬೇಗ ಹೇಳಿ ತಾಯಿ, ಈ ಮನೆಗೆ ಮಂಡಿನೋವು," ಎಂದು ಮುಳ್ಳಪ್ಪ ಕುರ್ಚಿಯ ಕೆಳಗಿಂದ ಗೊಣಗುತ್ತಿದ್ದ.

"ಮನೆ ಮಾತಾಡಬಾರದು!"

"ನಡೆಯೋ ಮನೆ ಮಾತಾಡಿದ್ರೆ ತಪ್ಪೇನು?"

ಆರನೇ ವಾರದಲ್ಲಿ ಮನೆ ಬಾಗಿಲಿನಿಂದ ಮೇಜಿನ ತನಕ ನಡೆಯಿತು. ಏಳರಲ್ಲಿ ಕಿಟಕಿಯ ತನಕ. ಎಂಟರಲ್ಲಿ, ಒಂದೂ ಹೆಜ್ಜೆ ಹಿಂದಿಡದೆ, ಕೋಣೆಯ ಆ ಕೊನೆಯ ತನಕ. ಮುಳ್ಳಪ್ಪ ದಿಂಬನ್ನೂ ಕುರ್ಚಿಯನ್ನೂ ಕೆಳಗಿಟ್ಟು ಬೆವರೊರೆಸಿಕೊಂಡು, ಅವಳ ಕೈ ಹಿಡಿದು ಗಂಭೀರವಾಗಿ ಹೇಳಿದ: "ಸೂಜಿಯಮ್ಮ, ನನ್ನ ಮದುವೇಲೂ ನಾನು ಇಷ್ಟು ಹೊತ್ತಿರ್ಲಿಲ್ಲ."

ಶಾಲೆ ಶುರುವಾಗುವ ಹಿಂದಿನ ದಿನ. ಮಧ್ಯಾಹ್ನ. ಸೂಜಿಯಮ್ಮ ಮೊಮ್ಮಗಳ ಹೊಸ ಶಾಲಾ ಲಂಗದ ಅಂಚು ಮಡಿಸಲು ಕೂತಿದ್ದಳು. ಹುಡುಗಿ ತಾನಾಗಿಯೇ ಎದುರಿಗೆ ಬಂದು ಕೂತಳು, ಗಲ್ಲಕ್ಕೆ ಕೈಯಿಟ್ಟು. ಸೊಸೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಮುದುಕಿ ಅವಳತ್ತ ನೋಡಿ ತಲೆಯಾಡಿಸಿದಳು. ಬೇಡ, ನೀನು ಹೇಳಿಕೊಡಬೇಡ.

ದಾರ ಪೋಣಿಸಿದಳು. ಮೂರು ಸಲ ತಪ್ಪಿತು. ನಾಲ್ಕನೆಯ ಸಲ ಹೋಯಿತು.

"ಅಬೀಯಾ ಉನಾ ವೇಸ್," ಎಂದಳು. ಒಂದಾನೊಂದು ಕಾಲದಲ್ಲಿ ಎನ್ನಲು ಹುಡುಗಿಯ ಊರಿನವರು ಹಾಗೆನ್ನುತ್ತಾರೆ. ಹುಡುಗಿಯ ಬೆನ್ನು ನೆಟ್ಟಗಾಯಿತು.

ಒಂದು ಮನೆ ಇತ್ತು, ಎಂದಳು ಸೂಜಿಯಮ್ಮ ಸ್ಪ್ಯಾನಿಷಿನಲ್ಲಿ, ಹೊಲಿಗೆಗೊಂದು ಪದದಂತೆ. ಮನೆಯಲ್ಲಿ ಒಬ್ಬಳು ಹುಡುಗಿ. ಹುಡುಗಿ ದೂರ ಹೋದಳು. ಮನೆ ಅತ್ತಿತು. ಮನೆ ಎದ್ದಿತು. ಮನೆ ನಡೆಯಿತು. ದಾರಿಯಲ್ಲಿ ಒಂದು ಕುದುರೆ ಸಿಕ್ಕಿತು, ನಿಲ್ಲಲು ಜಾಗವಿಲ್ಲ ಎಂದಿತು. ಮನೆ ಅದಕ್ಕೆ ತನ್ನ ಮೇಜು ಕೊಟ್ಟಿತು, ಅದರ ಕೆಳಗೆ ನಿಂತುಕೋ ಎಂದು. ಹುಡುಗಿ ಕಿಸಕ್ಕನೆ ನಕ್ಕಳು. ತೂಕಡಿಸುವ ಪೊಲೀಸು ಸಿಕ್ಕ, ಅವನಿಗೆ ಮಂಚ. ಹೊಳೆ ಸಿಕ್ಕಿತು, ನನಗೆ ಆಕಾಶ ನೋಡಬೇಕು ಎಂದಿತು, ಅದಕ್ಕೆ ಕಿಟಕಿ. ಹೀಗೆ ಕೊಡುತ್ತ ಕೊಡುತ್ತ ಮನೆಯಲ್ಲಿ ಉಳಿದದ್ದು...

ಸೂಜಿ ನಿಂತಿತು.

ಪದ ಇಲ್ಲ. ಹುಡುಕಿದಳು, ಇಲ್ಲ. ಹತ್ತು ಸಲ ತೆರೆದು ಹತ್ತು ಸಲ ಮುಚ್ಚಿದ ಪದ, ತಾನೇ ಎರಡು ಸಲ ಹೊಲಿದ ಪದ, ಎಲ್ಲಿಗೆ ಹೋಯಿತು? ಹೊಸ್ತಿಲಲ್ಲಿ ಸೊಸೆಯ ತುಟಿ ಅಲ್ಲಾಡಿ ನಿಂತಿತು. ಹುಡುಗಿಗೂ ಆ ಪದ ಗೊತ್ತಿತ್ತು, ಬಾಯಿಯ ತುಂಬ ಇತ್ತು, ಕೆನ್ನೆ ಉಬ್ಬಿತ್ತು. ಆದರೆ ಹೇಳಲಿಲ್ಲ. ತಿರುಗಿ ಬಾಗಿಲಿನ ಪಟ್ಟಿಯ ಕಡೆಗೆ ನೋಡಿಯೂ ತೋರಿಸಲಿಲ್ಲ. ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡು, ಅಜ್ಜಿಯ ಕಣ್ಣನ್ನೇ ನೋಡುತ್ತ, ಕಾದಳು. ಎಷ್ಟು ಹೊತ್ತು ಬೇಕಾದರೂ ಕಾಯುವವಳ ಹಾಗೆ ಕಾದಳು.

ಸೂಜಿಯಮ್ಮ ಉಸಿರು ಬಿಟ್ಟಳು. ಸೂಜಿಯನ್ನು ಬಟ್ಟೆಗೆ ಇಳಿಸಿದಳು, ಮೇಲೆತ್ತಿದಳು, ಮತ್ತೆ ಇಳಿಸಿದಳು. ಮೂರನೆಯ ಹೊಲಿಗೆಗೆ ಬಂತು.

"...ಪುಯೆರ್ತಾ."

ಹುಡುಗಿ ಕೈ ತೆಗೆದು ದೊಡ್ಡದಾಗಿ ಉಸಿರಾಡಿದಳು.

ಉಳಿದದ್ದು ಬಾಗಿಲೊಂದೇ, ಎಂದಳು ಸೂಜಿಯಮ್ಮ. ಈಗ ಸೂಜಿ ಓಡುತ್ತಿತ್ತು. ಬಾಗಿಲು ಒಂದೇ ನಡೆಯಿತು, ನಡೆಯಿತು, ನಡೆಯಿತು. ಹುಡುಗಿಯ ಹೊಸ ಮನೆ ಸಿಕ್ಕಿತು. ಹೊಸ ಮನೆಯ ಬಾಗಿಲನ್ನು ಹಳೆಯ ಬಾಗಿಲು ಬಡಿಯಿತು, ತೊಕ್ ತೊಕ್. ಹುಡುಗಿ ತೆರೆದಳು. ನೋಡಿದರೆ ಬಾಗಿಲಿನ ಹೊರಗೆ ಬಾಗಿಲು! ನೀನು ಬಂದೆಯಾ, ಎಂದಳು ಹುಡುಗಿ. ಬಂದೆ, ಎಂದಿತು ಬಾಗಿಲು, ಕಾಲು ನೋಯುತ್ತಿದೆ. ಹುಡುಗಿ ಅದನ್ನು ತಬ್ಬಿ ಒಳಗೆ ತಂದಳು. ಗೋಡೆಯಲ್ಲಿ ಜಾಗ ಮಾಡಿ ನಿಲ್ಲಿಸಿದಳು. ಅಂದಿನಿಂದ ಒಂದು ದಿನ ಇದರಿಂದ ಹೊರಗೆ ಹೋಗುತ್ತಾಳೆ, ಒಂದು ದಿನ ಅದರಿಂದ. ಮತ್ತೆ ಒಳಗೆ ಬರುವಾಗ ಯಾವುದು ಹತ್ತಿರವೋ ಅದರಿಂದ.

ಸೂಜಿಯಮ್ಮ ಕೊನೆಯ ಹೊಲಿಗೆ ಹಾಕಿದಳು, ಗಂಟು ಬಿಗಿದಳು, ಕೊನೆಯ ವಾಕ್ಯವನ್ನು ಅವಸರವಿಲ್ಲದೆ ಹೇಳಿದಳು.

"ಲಾ ಕಾಸಾ ತಿಯೇನೆ ದೋಸ್ ಪುಯೆರ್ತಾಸ್."

ಮನೆಗೆ ಎರಡು ಬಾಗಿಲು. ಕಥೆ ಮುಗಿದಿತ್ತು.